ಕೊಳ್ಳುವ ಮನಸ್ಸಿಲ್ಲದ ಸವಾಲು



ಕರಾವಳಿಯ ಕೆಲವು ಧರ್ಮಕೇಂದ್ರಗಳಲ್ಲಿ ಹಬ್ಬದ ಬಲಿಪೂಜೆಯಾದ ಮೇಲೆ ಕಾಣಿಕೆಯಾಗಿ ಬಂದ ತರಕಾರಿ, ಬಾಳೆಗೊನೆಗಳನ್ನು ಏಲಂ ಹಾಕುವುದನ್ನು ನೀವು ನೋಡಿರಬಹುದು. ನೂರಿನ್ನೂರರ ಗೊನೆ ಸಾವಿರಕ್ಕೇರುತ್ತದೆ. ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಹೆಚ್ಚಿನ ಹಣ ದೇವಾಲಯಕ್ಕೆ ಎಂಬುದು ಸವಾಲು ಕೂಗುವವನಿಗೂ ಗೊತ್ತು, ನಗುತ್ತಾ ನಿಂತ ಅವನ ಮಡದಿಗೂ ಗೊತ್ತು. (ಮನೆಗೆ ಹೋದ ಮೇಲಿನ ಮಾತು ಬೇರೆ!) ಪಕ್ಕದವನನ್ನು ಕೆಣಕಲೆಂದೇ ಬೆಲೆ ಏರಿಸುವವರೂ ಇರುತ್ತಾರೆ. ಆದರೆ ಏಲಂ ತನ್ನ ಹೆಸರಿಗೇ ನಿಂತರೆ ಅವನು ಹಣ ತೆತ್ತು ಗೊನೆ ಹೊತ್ತುಕೊಂಡು ಹೋಗಲೇಬೇಕು.

ಅಂತರ್ಜಾಲದ ಹರಾಜಿನಲ್ಲಿ ಪಕ್ಕದವನ ಮುಖ ಕಾಣುವುದಿಲ್ಲ. 2000ದ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಕೀಲನೊಬ್ಬ ಈಬೇ ತಾಣದಲ್ಲಿ ಒಂದು ಚಿತ್ರಪಟವನ್ನು 25 ಸೆಂಟಿಗೆ ಹರಾಜಿಗಿಟ್ಟ. ಹೆಸರಾಂತ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ ಬರೆದದ್ದೆಂದು ಜನ ಊಹಿಸುವಂತೆ ಅದರ ಮೇಲೆ ಸುಳ್ಳು ಗುರುತಿತ್ತು. ಬೆಲೆ 1,35,805 ಡಾಲರಿಗೆ ಏರಿತು. ಅವನೂ ಗೆಳೆಯರೂ ಹಲವು ಹೆಸರುಗಳಲ್ಲಿ ತಮ್ಮ ಸರಕಿಗೆ ತಾವೇ ಸವಾಲು ಹಾಕುತ್ತಿದ್ದುದು ಬಯಲಾಯಿತು. ಮಾರಾಟ ರದ್ದಾಯಿತು, 2001ರಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. 2010ರಲ್ಲಿ ಇಂಗ್ಲೆಂಡಿನಲ್ಲಿಯೂ ಇಂಥದೇ ತಪ್ಪಿಗೆ ಒಬ್ಬನಿಗೆ 5,000 ಪೌಂಡ್ ದಂಡ, 250 ಗಂಟೆ ಸಮಾಜಸೇವೆಯ ಶಿಕ್ಷೆಯಾಯಿತು.

"ಕೊಂಡವನು ತಾನೇ ಒಪ್ಪಿದ ಬೆಲೆ ಕೊಟ್ಟ. ಇದರಲ್ಲಿ ಕಳ್ಳತನವೆಲ್ಲಿ?" ಎಂದು ನೀವು ಕೇಳಬಹುದು. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಒಂದು ವಸ್ತುವಿಗೆ ನೀವು ಹೆಚ್ಚೆಂದರೆ 5,000 ರೂಪಾಯಿ ಕೊಡಲು ಸಿದ್ಧರಿದ್ದೀರಿ ಎನ್ನೋಣ. ನಿಜವಾಗಿ ಕೊಳ್ಳಬಂದ ಇನ್ನೊಬ್ಬ 2,000ಕ್ಕೆ ನಿಂತುಬಿಟ್ಟ. ಅದಕ್ಕಿಂತ ತುಸು ಹೆಚ್ಚಿಗೆ ವಸ್ತು ನಿಮ್ಮದಾಗಬೇಕಿತ್ತು. ಆಗ ಇಲ್ಲದ ಮನುಷ್ಯನೊಬ್ಬ ಬಂದು 4,500 ಎನ್ನುತ್ತಾನೆ. ನೀವು ಅದನ್ನೂ ಮೀರಿಸುತ್ತೀರಿ. ನಡುವಿನ 2,500 ರೂಪಾಯಿ ಯಾರ ಜೇಬಿನದು? ನೀವು ಒಪ್ಪಿದ್ದು ನಿಜ, ಆದರೆ ಇನ್ನೊಬ್ಬನಿಗೂ ಅದು ಬೇಕಾಗಿದೆ ಎಂದು ನಂಬಿ ಒಪ್ಪಿದಿರಿ. ಸವಾಲು ಎಂಬುದು ಒಂದು ಸಾಕ್ಷಿ. ಆದ್ದರಿಂದ ಇಲ್ಲಿ ಮುರಿದದ್ದು ಏಳನೆಯ ಕಟ್ಟಳೆ ಮಾತ್ರವಲ್ಲ, ಸುಳ್ಳುಸಾಕ್ಷಿ ಬೇಡವೆನ್ನುವ ಎಂಟನೆಯದೂ ಹೌದು.

ಇದೇನೂ ಕಂಪ್ಯೂಟರಿನಿಂದ ಹುಟ್ಟಿದ ಪಾಪವಲ್ಲ. ಮಾರುವವನು ಸುಳ್ಳು ಸವಾಲುಗಾರನನ್ನು ನಿಲ್ಲಿಸಬಾರದೆಂದು ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲೇ ಬರೆದಿದ್ದ. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ವ್ಯಾಪಾರದ ಮೋಸವನ್ನು ವಿಚಾರಿಸುವಾಗ ಆ ಮಾತನ್ನೇ ಎತ್ತಿಕೊಂಡರು. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಪರರಿಗೆ ನಷ್ಟಮಾಡಿ ಲಾಭ ಪಡೆಯಲು ಬೆಲೆಯನ್ನು ಕೃತಕವಾಗಿ ಏರಿಳಿಸುವುದನ್ನು ಏಳನೆಯ ಕಟ್ಟಳೆಯ ಕೆಳಗೇ ಸೇರಿಸಿದೆ.

ನಮ್ಮ ಮನೆಗಳಿಗೆ ಈ ಪಾಪ ವಕೀಲನ ವೇಷದಲ್ಲಿ ಬರುವುದಿಲ್ಲ. "ಭಾವ, ನನ್ನ ಹಳೇ ಕ್ಯಾಮರಾ ಹರಾಜಿಗಿಟ್ಟಿದ್ದೇನೆ, ನಿಮ್ಮ ಮೊಬೈಲಿನಿಂದ ಎರಡು ಸವಾಲು ಹಾಕಿ. ನಿಮಗೇ ನಿಂತರೂ ಹಣ ಕೊಡಬೇಕಾಗಿಲ್ಲ" ಎಂದು ಮೈದುನನ ಬಾಯಿಂದ ಬರುತ್ತದೆ. ಬಾಳೆಗೊನೆಯ ಏಲಂಗೂ ಇದಕ್ಕೂ ಇರುವ ಅಂತರವೆಲ್ಲ ಆ ಕೊನೆಯ ಮಾತಿನಲ್ಲಿದೆ. ನಂಟಸ್ತಿಕೆ ಕೆಡುತ್ತದೆಂದು ಎಷ್ಟೋ ಮಂದಿ ಹೂಂ ಎನ್ನುತ್ತಾರೆ.

ಈಗಾಗಲೇ ಹೂಂ ಎಂದಿದ್ದರೆ? ಪಾಪನಿವೇದನೆ ಮಾಡಿದರಷ್ಟೇ ಸಾಲದು, ಪರರ ಹಣವನ್ನು ಹಿಂದಿರುಗಿಸಬೇಕು. ಯಾರಿಗೆಂದು ಹುಡುಕಿ ಅಲೆಯಬೇಕಾಗಿಯೂ ಇಲ್ಲ. ಕ್ಯಾಮರಾ ಕಳಿಸಿದ ವಿಳಾಸ ಮೈದುನನ ಬಳಿ ಇದ್ದೇ ಇದೆ.