ಚೀಟಿ ಬರೆಯುವವರನ್ನು ಆರಿಸುವಾಗ

ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಇಂಥದ್ದೊಂದು ಆಗಾಗ ಕಣ್ಣಿಗೆ ಬೀಳುತ್ತದೆ: ಆಸ್ಪತ್ರೆಗೆ ಫ್ರಂಟ್ ಆಫೀಸ್ ಸಿಬ್ಬಂದಿ ಬೇಕಾಗಿದ್ದಾರೆ, ಯಾವುದೇ ಪದವಿ, ಕಂಪ್ಯೂಟರ್ ಜ್ಞಾನ, ಇಂಗ್ಲಿಷ್ ಮಾತು, ನೋಡಲು ಲಕ್ಷಣವಾಗಿರಬೇಕು, ಅನುಭವ ಇಲ್ಲದಿದ್ದರೂ ಅಡ್ಡಿಯಿಲ್ಲ. ಹೋಟೆಲಿಗೂ ಚಿನ್ನದಂಗಡಿಗೂ ಮೊಬೈಲ್ ಶೋರೂಮಿಗೂ ಇದೇ ಒಕ್ಕಣೆ ನಡೆಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟೋ ಕಡೆ ಇಷ್ಟೂ ಇಲ್ಲ. ಟೆಂಡರ್ ಗೆದ್ದ ಏಜೆನ್ಸಿ ಕಳಿಸಿದ ಹುಡುಗನೋ ಹುಡುಗಿಯೋ ‘ಡಾಟಾ ಎಂಟ್ರಿ ಆಪರೇಟರ್’ ಎಂಬ ಹೆಸರಿನಲ್ಲಿ ಬಂದು ಕೌಂಟರಿನ ಹಿಂದೆ ಕೂರುತ್ತಾರೆ. ಎರಡೂ ಕಡೆ ಇರುವುದು ಒಂದೇ ನಂಬಿಕೆ: ಚಿಕಿತ್ಸೆ ಶುರುವಾಗುವುದು ಡಾಕ್ಟರ ಕೋಣೆಯಲ್ಲಿ, ಹೊರಗಿನದೆಲ್ಲ ಗುಮಾಸ್ತೆಯ ಕೆಲಸ.

ಆದರೆ ಚೀಟಿ ಮಾಡಿಸದೆ ನಮ್ಮಲ್ಲಿ ಯಾರೂ ಡಾಕ್ಟರ ಮುಖ ಕಾಣುವುದಿಲ್ಲ. ಆ ಚೀಟಿಯ ಮೇಲೆ ಬೀಳುವ ಹೆಸರು, ವಯಸ್ಸು, ಊರು, ಫೋನ್ ನಂಬರು, ಯಾವ ವಿಭಾಗ ಎಂಬ ನಾಲ್ಕೈದು ಮಾತುಗಳೇ ಮುಂದೆ ಲ್ಯಾಬಿನ ಬಾಟಲಿಗೂ ಎಕ್ಸ್‌ರೇಗೂ ರಕ್ತದ ಚೀಲಕ್ಕೂ ಡಿಸ್ಚಾರ್ಜ್ ಕಾಗದಕ್ಕೂ ಅಂಟಿಕೊಂಡು ಹೋಗುತ್ತವೆ. ಕೌಂಟರಿನಲ್ಲಿ ತಪ್ಪಿದ್ದನ್ನು ಮುಂದಿನವರು ತಿದ್ದುವುದು ಅಪರೂಪ. ಅಚ್ಚಾಗಿ ಬಂದ ಅಕ್ಷರವನ್ನು ಯಾರೂ ಸುಲಭಕ್ಕೆ ಅನುಮಾನಿಸುವುದಿಲ್ಲ.

ಹೆಸರನ್ನೇ ನೋಡಿ. ಲಕ್ಷ್ಮಮ್ಮ, ಮಂಜುನಾಥ, ಸಿದ್ದಪ್ಪ, ಫಾತಿಮಾ ಎಂಬವರು ಒಂದೇ ದಿನದ ಒಪಿಡಿ ಪಟ್ಟಿಯಲ್ಲಿ ಹಲವರು ಸಿಗುತ್ತಾರೆ. ಹಳೇ ಮೈಸೂರಿನ ಕಡೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್. ಉತ್ತರ ಕರ್ನಾಟಕದಲ್ಲಿ ಮನೆತನದ ಅಡ್ಡಹೆಸರು. ಆಸ್ಪತ್ರೆಯ ತಂತ್ರಾಂಶ ಕೇಳುವುದು ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡು ಇನಿಶಿಯಲ್ ಇರುವ ಮಂಜುನಾಥರ ಲಾಸ್ಟ್ ನೇಮ್ ಯಾವುದು? ಒಬ್ಬ ಸಿಬ್ಬಂದಿ ಇನಿಶಿಯಲ್ಲನ್ನು ಹಿಂದೆ ಹಾಕುತ್ತಾರೆ, ಇನ್ನೊಬ್ಬರು ಮುಂದೆ, ಮತ್ತೊಬ್ಬರು ಆ ಜಾಗದಲ್ಲಿ ಬರೀ ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಇನ್ನು ಸಿದ್ದಪ್ಪನವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ ಒಂದೋ ಎರಡೋ, ಜೊತೆಗೆ ‘ಎಚ್’ ಬೇಕೋ ಬೇಡವೋ ಎಂಬುದು ಆ ಹೊತ್ತಿಗೆ ಕೂತವರ ಮರ್ಜಿ. ಹೀಗೆ ಒಬ್ಬರಿಗೇ ಎರಡು ಆಸ್ಪತ್ರೆ ನಂಬರು ಹುಟ್ಟಿಕೊಳ್ಳುತ್ತವೆ. ಪೆನ್ಸಿಲಿನ್ ಒಗ್ಗುವುದಿಲ್ಲ ಎಂದು ಹೋದ ವರ್ಷ ಬರೆದದ್ದು ಹಳೇ ನಂಬರಿನಲ್ಲೇ ಉಳಿಯುತ್ತದೆ, ಹೊಸ ಡಾಕ್ಟರ ಮುಂದೆ ತೆರೆಯುವುದು ಖಾಲಿ ಪುಟ. ಇದಕ್ಕಿಂತ ಅಪಾಯದ್ದು ಇಬ್ಬರ ವಿವರ ಒಂದೇ ನಂಬರಿನೊಳಗೆ ಸೇರಿಬಿಡುವುದು.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆಂದು ಒಂಬತ್ತು ಕ್ರಮಗಳನ್ನು ಪಟ್ಟಿ ಮಾಡಿತು. ರೋಗಿಯನ್ನು ಸರಿಯಾಗಿ ಗುರುತಿಸುವುದು ಅದರಲ್ಲೊಂದು. ಕನಿಷ್ಠ ಎರಡು ಗುರುತು ಬೇಕು, ಕೋಣೆಯ ನಂಬರು ಗುರುತಾಗುವುದಿಲ್ಲ ಎಂದು ಅದು ಹೇಳಿತು. ಹೆಸರು ಮತ್ತು ಹುಟ್ಟಿದ ದಿನಾಂಕ ಸಾಕು ಎಂದು ಬೇರೆ ದೇಶದವರು ಹೇಳಬಹುದು. ನಮ್ಮಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರ ಆಧಾರ್‌ನಲ್ಲಿ ಎಷ್ಟೋ ಸಲ ಇರುವುದು ಜನವರಿ 1. ಅರವತ್ತು ದಾಟಿದ, ಜನವರಿ 1ರಂದು ಹುಟ್ಟಿದ ಇಬ್ಬರು ಲಕ್ಷ್ಮಮ್ಮಂದಿರು ಒಂದೇ ಸಾಲಿನಲ್ಲಿ ನಿಂತಿರುವುದು ಇಲ್ಲಿ ಸೋಜಿಗವೇನಲ್ಲ. ಆಗ ‘ಯಾವೂರಮ್ಮಾ? ಯಜಮಾನ್ರ ಹೆಸರೇನು? ಮುಂಚೆ ಇಲ್ಲಿಗೆ ಬಂದಿದ್ರಾ? ಹಳೇ ಚೀಟಿ ಇದೆಯಾ?’ ಎಂದು ಕೇಳಬೇಕೆಂಬ ಬುದ್ಧಿ ಯಾವ ತಂತ್ರಾಂಶಕ್ಕೂ ಇಲ್ಲ. ಅದನ್ನು ಕೇಳುವ ಕ್ರಮವೂ ಒಂದಿದೆ. ‘ನೀವು ಲಕ್ಷ್ಮಮ್ಮ ಅಲ್ವಾ?’ ಎಂದರೆ ಕಿವಿ ಮಂದವಾದ ಅಜ್ಜಿ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ‘ನಿಮ್ಮ ಹೆಸರು ಹೇಳಿಯಮ್ಮಾ’ ಎಂದರೆ ಅವರೇ ಹೇಳಬೇಕಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ತಿಳಿದವರನ್ನೇ ಆ ಕುರ್ಚಿಯಲ್ಲಿ ಕೂರಿಸಬೇಕು, ತಿಳಿಯದಿದ್ದರೆ ಕಲಿಸಿ ಕೂರಿಸಬೇಕು.

ಇನ್ನು ಹೊತ್ತಿನ ಮಾತು. ಎದೆನೋವೆಂದು ಬಂದವರಿಗೆ ಆಸ್ಪತ್ರೆಯ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಹೃದ್ರೋಗ ಚಿಕಿತ್ಸೆಯಲ್ಲಿ ಎಲ್ಲರೂ ಒಪ್ಪಿದ ನಿಯಮ. ಹೆಪ್ಪುಗಟ್ಟಿದ ರಕ್ತದಿಂದ ಲಕ್ವ ಹೊಡೆದವರಿಗೆ ಹೆಪ್ಪು ಕರಗಿಸುವ ಮದ್ದು ಕೊಡಲು ಇರುವ ಅವಕಾಶ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಅದರಲ್ಲಿ ಹೆಚ್ಚಿನದನ್ನು ದಾರಿಯಲ್ಲೇ ಕಳೆದಿರುತ್ತಾರೆ. ಸೋಮವಾರ ಬೆಳಿಗ್ಗೆ ಜಿಲ್ಲಾಸ್ಪತ್ರೆಯ ಚೀಟಿ ಸಾಲು ಉಳಿದದ್ದನ್ನೂ ನುಂಗಬಲ್ಲದು. ‘ಗ್ಯಾಸ್ ಇರ್ಬೇಕು’ ಎನ್ನುತ್ತ ಬೆವರು ಒರೆಸಿಕೊಳ್ಳುವ ಐವತ್ತರ ಗಂಡಸು, ಮಾತು ತೊದಲುತ್ತಿರುವ ಅಜ್ಜ, ಮಡಿಲಲ್ಲಿ ಸೊರಗಿ ಮಲಗಿದ ಕೂಸು, ಹಾವು ಕಚ್ಚಿದ ಕಾಲಿಗೆ ಬಟ್ಟೆ ಬಿಗಿದುಕೊಂಡು ಬಂದ ಕೂಲಿ, ಇವರೆಲ್ಲ ಮೊದಲು ಎದುರಾಗುವುದು ಕೌಂಟರಿನವರಿಗೆ. ರೋಗ ಯಾವುದೆಂದು ಹೇಳುವುದು ಅವರ ಕೆಲಸವಲ್ಲ. ಕೀಬೋರ್ಡಿನಿಂದ ತಲೆ ಎತ್ತಿ ಮುಖ ನೋಡುವುದು, ನೋಡಿದೊಡನೆ ಸಿಸ್ಟರನ್ನು ಕೂಗಿ ಗಾಲಿಕುರ್ಚಿ ತರಿಸುವುದು, ಚೀಟಿ ಆಮೇಲೆ ಮಾಡೋಣ ಎನ್ನುವುದು ಖಂಡಿತ ಅವರ ಕೆಲಸ.

ಹಾಗೆನ್ನಲು ಅವರಿಗೆ ಅಧಿಕಾರ ಇದೆಯೇ? ಕಾನೂನು ಇದೆ ಎನ್ನುತ್ತದೆ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಜೀವ ಉಳಿಸುವುದು ಮೊದಲು, ಪೊಲೀಸು ಕಾಗದಪತ್ರ ಆಮೇಲೆ ಎಂದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಹೇಳಿತು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ತುರ್ತಿನಲ್ಲಿ ಮುಂಗಡ ಕಟ್ಟಿಸಿಕೊಂಡೇ ಚಿಕಿತ್ಸೆ ಎನ್ನುವಂತಿಲ್ಲ. ಆದರೆ ‘ಮೊದಲು ಅಡ್ವಾನ್ಸ್ ಕಟ್ಟಿ’ ಎಂಬ ಮಾತು ಯಾವತ್ತೂ ಆಡಳಿತ ಮಂಡಳಿಯ ಬಾಯಿಂದ ಬರುವುದಿಲ್ಲ, ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ಹುಡುಗಿಯ ಬಾಯಿಂದ ಬರುತ್ತದೆ. ಮುರಿದ ಕಾನೂನೂ ಅವಳ ತಲೆಗೆ, ರೋಗಿಯ ಕಡೆಯವರ ಬೈಗುಳವೂ ಅವಳ ತಲೆಗೆ. ನೇಮಕಾತಿ ಪತ್ರದಲ್ಲೇ ‘ತುರ್ತೆಂದು ಕಂಡರೆ ನೋಂದಣಿಯನ್ನೂ ಹಣವನ್ನೂ ತಡೆಹಿಡಿದು ರೋಗಿಯನ್ನು ಒಳಗೆ ಕಳಿಸುವುದು ನಿಮ್ಮ ಕರ್ತವ್ಯ, ಅದಕ್ಕಾಗಿ ನಿಮ್ಮನ್ನು ಯಾರೂ ಪ್ರಶ್ನಿಸುವುದಿಲ್ಲ’ ಎಂದು ಬರೆದುಕೊಡುವ ಆಸ್ಪತ್ರೆ ಈ ಕಾಯ್ದೆಯನ್ನು ನಿಜಕ್ಕೂ ಪಾಲಿಸುತ್ತಿದೆ ಎನ್ನಬಹುದು.

ಹಣದ ಇನ್ನೊಂದು ಮುಖ ಸರ್ಕಾರಿ ಯೋಜನೆಗಳದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30ರಷ್ಟು ನೆರವು. ಹಲವು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ತುರ್ತಿದ್ದರೆ ಬೇಡ. ಯಶಸ್ವಿನಿಯ ನಿಯಮ ಬೇರೆ, ಇಎಸ್‌ಐನದು ಬೇರೆ, ಖಾಸಗಿ ವಿಮೆಯದು ಇನ್ನೂ ಬೇರೆ. ಇದನ್ನು ವಿವರಿಸಲೆಂದೇ ಆರೋಗ್ಯ ಮಿತ್ರರಿದ್ದಾರೆ, ನಿಜ. ಆದರೆ ‘ಕಾರ್ಡ್ ಇದೆಯಾ, ಆ ಮೂಲೆಯ ಮೇಜಿಗೆ ಹೋಗಿ ಕೇಳಿ’ ಎಂಬ ಒಂದು ಮಾತನ್ನು ಕೌಂಟರಿನಲ್ಲೇ ಹೇಳದೆ ಹೋದರೆ ಮನೆಯವರು ತಾಳಿ ಅಡವಿಡಲು ಹೊರಡುತ್ತಾರೆ. ಬಡ ಕುಟುಂಬವೊಂದು ಸಾಲಕ್ಕೆ ಬೀಳುವುದೋ ಉಳಿಯುವುದೋ ಅರ್ಧ ನಿಮಿಷದ ಆ ಮಾತಿನಲ್ಲಿ ತೀರ್ಮಾನವಾಗಬಹುದು.

ಇಂಗ್ಲಿಷ್ ಬೇಕೆನ್ನುವ ಜಾಹೀರಾತು ರೋಗಿಯ ಭಾಷೆ ಬೇಕೆಂದು ಕೇಳುವುದಿಲ್ಲ. ಮಂಗಳೂರಿನ ಕೌಂಟರಿಗೆ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಬರುತ್ತವೆ, ಕಾಸರಗೋಡಿನಿಂದ ಮಲಯಾಳ ಬರುತ್ತದೆ. ಬಳ್ಳಾರಿಯಲ್ಲಿ ತೆಲುಗು, ಕಲಬುರಗಿಯಲ್ಲಿ ಉರ್ದು, ತಾಂಡಾಗಳಿಂದ ಲಂಬಾಣಿ. ಬೆಂಗಳೂರಿನಲ್ಲಿ ಕಟ್ಟಡ ಕೆಲಸದವರ ಹಿಂದಿ, ಬಂಗಾಳಿ, ಒಡಿಯಾ. ಕನ್ನಡದೊಳಗೂ ಎಷ್ಟು ಕನ್ನಡ! ಹುಬ್ಬಳ್ಳಿಯ ಕಡೆಯವರು ‘ಎದಿ ಹಿಡದಂಗ ಆಗೇತ್ರಿ’ ಎಂದಾಗ ಅದರ ತೀವ್ರತೆ ಬೆಂಗಳೂರಿನ ಕಿವಿಗೆ ತಕ್ಷಣ ತಟ್ಟಬೇಕು. ‘ಆರಾಮಿಲ್ರಿ’ ಎಂಬ ಒಂದೇ ಮಾತಿನಲ್ಲಿ ನೆಗಡಿಯಿಂದ ಕ್ಯಾನ್ಸರಿನವರೆಗೆ ಏನೂ ಇರಬಹುದು.

ಎಲ್ಲವನ್ನೂ ಎಲ್ಲರೆದುರು ಹೇಳಲಾಗದು ಎಂಬುದೂ ಕೌಂಟರಿನವರಿಗೆ ತಿಳಿದಿರಬೇಕು. ಹಿಂದೆ ಇಪ್ಪತ್ತು ಜನ ಕಿವಿಗೊಟ್ಟು ನಿಂತಿರುವಾಗ ‘ಏನ್ ತೊಂದ್ರೆ? ಜೋರಾಗಿ ಹೇಳಿ’ ಎಂದರೆ ಬಿಳಿ ಮುಟ್ಟಿನ ತೊಂದರೆಗೆ ಬಂದ ಹೆಂಗಸು ‘ತಲೆನೋವು’ ಎಂದು ಹೇಳಿ ತಪ್ಪು ವಿಭಾಗದ ಚೀಟಿ ಹಿಡಿದು ಹೋಗುತ್ತಾಳೆ. ಎಚ್‌ಐವಿ ಸೋಂಕಿತರ ವಿವರ ಬಯಲಾಗದಂತೆ ಕಾಯಲು 2017ರ ಕಾಯ್ದೆಯಿದೆ, ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆಯಿದೆ. ಗಾಜಿನ ಆಚೆಯಿಂದ ಫೋನ್ ನಂಬರನ್ನೂ ವಿಳಾಸವನ್ನೂ ರೋಗವನ್ನೂ ಕೂಗಿಸುವ ಆಸ್ಪತ್ರೆಯಲ್ಲಿ ಈ ಕಾಯ್ದೆಗಳು ಬಾಗಿಲಲ್ಲೇ ಸೋಲುತ್ತವೆ. ‘ಲೇಡಿ ಡಾಕ್ಟರನ್ನ ನೋಡಬೇಕಾ?’ ಎಂದು ತಗ್ಗಿದ ದನಿಯಲ್ಲಿ ಕೇಳಿದರೆ ಅರ್ಧ ಕೆಲಸ ಆದಂತೆ.

ಇದೆಲ್ಲ ಇನ್ನು ಮೊಬೈಲೇ ಮಾಡುತ್ತದಲ್ಲ ಎನ್ನುವವರಿದ್ದಾರೆ. 14 ಅಂಕಿಯ ‘ಆಭಾ’ ಆರೋಗ್ಯ ಖಾತೆ ಸಂಖ್ಯೆ ಬಂದಿದೆ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಟೋಕನ್ ಬರುವ ವ್ಯವಸ್ಥೆ 2022ರ ಕೊನೆಯಿಂದ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡುತ್ತಿದೆ. ಒಳ್ಳೆಯದೇ. ಸ್ಮಾರ್ಟ್‌ಫೋನ್ ಇದ್ದವರ ಸಾಲು ಕರಗಿದಷ್ಟೂ ಕೀಪ್ಯಾಡ್ ಫೋನಿನವರಿಗೆ, ಓದು ಬಾರದವರಿಗೆ, ಒಬ್ಬಂಟಿಯಾಗಿ ಬಂದ ಮುದುಕರಿಗೆ ಕೊಡಲು ಸಿಬ್ಬಂದಿಗೆ ಹೊತ್ತು ಉಳಿಯುತ್ತದೆ. ಆದರೆ ಉಳಿದ ಹೊತ್ತನ್ನು ಸಿಬ್ಬಂದಿ ಕಡಿತದ ನೆಪವಾಗಿ ಬಳಸುವವರೇ ಹೆಚ್ಚು. ಅದರ ಬದಲು ಸಿಬ್ಬಂದಿಯಲ್ಲೊಬ್ಬರನ್ನು ಗಾಜಿನ ಹಿಂದಿನಿಂದ ಎಬ್ಬಿಸಿ ಸಾಲಿನ ಪಕ್ಕ ನಿಲ್ಲಿಸಿದರೆ ಎಷ್ಟು ಚೆನ್ನ!

ಹಾಗಾದರೆ ಆರಿಸುವುದು ಹೇಗೆ? ಟೈಪಿಂಗ್ ವೇಗ ಅಳೆಯುವುದು ತಪ್ಪಲ್ಲ, ಅದೊಂದನ್ನೇ ಅಳೆಯುವುದು ತಪ್ಪು. ಅಭ್ಯರ್ಥಿಯ ಮುಂದೆ ಒಬ್ಬರನ್ನು ರೋಗಿಯಂತೆ ಕೂರಿಸಿ: ಹೆಸರನ್ನು ಅರ್ಧ ನುಂಗಿ ಹೇಳುವವರು, ಕೈಯಲ್ಲಿ ಹತ್ತು ಹಳೇ ಕಾಗದ ಹಿಡಿದವರು, ಏನು ಕೇಳಿದರೂ ಸಿಡುಕುವವರು, ಮಾತಿನ ನಡುವೆ ಎದೆ ಒತ್ತಿಕೊಳ್ಳುವವರು. ಕೇಳಿದ ಹೆಸರನ್ನು ಬರೆದು ತಿರುಗಿ ಓದಿ ಹೇಳುತ್ತಾರೆಯೇ? ಗೊತ್ತಿಲ್ಲದ್ದನ್ನು ಊಹಿಸಿ ತುಂಬುತ್ತಾರೋ, ಮತ್ತೆ ಕೇಳುತ್ತಾರೋ? ಎದೆ ಒತ್ತಿಕೊಂಡವರನ್ನು ಕಂಡೊಡನೆ ಟೈಪಿಂಗ್ ನಿಲ್ಲಿಸುತ್ತಾರೆಯೇ? ಇಷ್ಟು ನೋಡಲು ಅರ್ಧ ಗಂಟೆ ಸಾಕು. ಆಯ್ಕೆಯ ಸಮಿತಿಯಲ್ಲಿ ಎಚ್‌ಆರ್‌ನವರ ಜೊತೆ ತುರ್ತು ವಿಭಾಗದ ಒಬ್ಬ ಹಿರಿಯ ಸಿಸ್ಟರ್ ಕೂರಲಿ. ಸೇರಿದವರನ್ನು ಮೊದಲ ದಿನವೇ ಕೌಂಟರಿಗೆ ತಳ್ಳದೆ ಕೆಲವು ದಿನ ಕ್ಯಾಷುಯಾಲ್ಟಿಯಲ್ಲಿ, ಲ್ಯಾಬಿನಲ್ಲಿ, ರೆಕಾರ್ಡ್ ರೂಮಿನಲ್ಲಿ ಓಡಾಡಿಸಲಿ. ತಾವು ಒತ್ತಿದ ಅಕ್ಷರ ಎಲ್ಲೆಲ್ಲಿಗೆ ಹೋಗುತ್ತದೆಂದು ಕಂಡವರ ಕೈ ತಾನಾಗಿ ಎಚ್ಚರವಾಗುತ್ತದೆ.

ಆರಿಸಿದರೆ ಸಾಲದು, ಉಳಿಸಿಕೊಳ್ಳಬೇಕು. ಇಡೀ ಆಸ್ಪತ್ರೆಯಲ್ಲಿ ಅತಿ ಹೆಚ್ಚು ಜನರೊಡನೆ ಮಾತಾಡುವವರು ಇವರು. ಸಂಬಳದಲ್ಲಿ ಕಡೆಯ ಸಾಲಿನವರೂ ಇವರೇ. ಏಜೆನ್ಸಿ ಬದಲಾದರೆ ಕೆಲಸ ಅನುಮಾನ, ಸಂಬಳ ತಡ, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂಬ ಅಂಜಿಕೆ. ‘ಸರ್ವರ್ ಡೌನ್’ ಎಂದ ತಪ್ಪಿಗೆ ನೂರು ಜನರ ಸಿಟ್ಟು. 2021ರ ಕಾಯ್ದೆಯೊಂದು ಆರೋಗ್ಯ ಮಾಹಿತಿ ನಿರ್ವಹಣೆಯನ್ನು ಸಹಾಯಕ ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಅಂದರೆ ರೋಗಿಯ ದಾಖಲೆ ನೋಡಿಕೊಳ್ಳುವುದು ಒಂದು ವೃತ್ತಿಯೆಂದು ದೇಶ ಒಪ್ಪಿದೆ. ದಾಖಲೆಯ ಮೊದಲ ಸಾಲು ಬರೆಯುವವರನ್ನು ಮಾತ್ರ ಅತಿ ಕಡಿಮೆ ದರಕ್ಕೆ ಟೆಂಡರ್ ಕೂಗಿ ತರುವುದು ಯಾವ ನ್ಯಾಯ? ಅವರ ಸಂಬಳ, ತರಬೇತಿಗಳ ಖರ್ಚು ಚಿಕಿತ್ಸೆಯ ಖರ್ಚಿನಲ್ಲೇ ಲೆಕ್ಕವಾಗಬೇಕು.

ಓದುಗರ ಪಾಲಿನದೂ ಸ್ವಲ್ಪ ಇದೆ. ಆಸ್ಪತ್ರೆಗೆ ಹೊರಟಾಗ ಹಳೇ ಚೀಟಿ, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಒಗ್ಗದ ಮದ್ದು ಯಾವುದೆಂದು ಕೇಳುವ ಮೊದಲೇ ಹೇಳಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಸಾಲಿನಲ್ಲಿ ನಿಲ್ಲದೆ ನೇರ ಕ್ಯಾಷುಯಾಲ್ಟಿಗೆ ನಡೆಯಿರಿ. ಚೀಟಿ ಕೈಗೆ ಬಂದಾಗ ಅದರ ಮೇಲಿನ ಹೆಸರು, ವಯಸ್ಸು, ಫೋನ್ ನಂಬರು ಓದಿ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ, ಕೂಗಾಡದೆ.