ಎದುರಿಗಿರುವ ಹೊಲ



ಡಿಸೆಂಬರ್ 10 ಲೊರೆಟೊ ಮಾತೆಯ ಸ್ಮರಣೆಯ ದಿನ. ಜಪಸರದ ಕೊನೆಯಲ್ಲಿ ನಾವು ಹೇಳುವ ಮರಿಯಮ್ಮನವರ ಪ್ರಾರ್ಥನಾಮಾಲೆಗೆ ಆ ಊರಿನ ಹೆಸರೇ ಇದೆ. ಬಲಿಪೂಜೆ ತಮಿಳಿನಲ್ಲಿ ನಡೆದ ದಿನವೂ ಮನೆಗೆ ಬಂದು ಆ ಮಾಲೆಯನ್ನು ಕನ್ನಡದಲ್ಲೇ ಹೇಳುವ ಕುಟುಂಬಗಳು ನಮ್ಮಲ್ಲಿವೆ. ಇಟಲಿಯ ಲೊರೆಟೊದಲ್ಲಿ ನಜರೇತಿನ ಪವಿತ್ರ ಮನೆಯ ಕಲ್ಲುಗೋಡೆಗಳನ್ನು ಭಕ್ತರು ಶತಮಾನಗಳಿಂದ ಪೂಜ್ಯವಾಗಿ ಕಾಣುತ್ತಾ ಬಂದಿದ್ದಾರೆ. ದೇವದೂತರು ಆ ಮನೆಯನ್ನು ಆಕಾಶಮಾರ್ಗವಾಗಿ ಹೊತ್ತು ತಂದು 1294ರಲ್ಲಿ ಅಲ್ಲಿ ಇಳಿಸಿದರೆಂಬುದು ಪರಂಪರೆಯ ಮಾತು. ಈ ಪರಂಪರೆಯನ್ನು ನೆನೆದೇ 15ನೇ ಬೆನೆಡಿಕ್ಟ್ ಪೋಪರು 1920ರ ಮಾರ್ಚ್ 24ರಂದು ಲೊರೆಟೊ ಮಾತೆಯನ್ನು ವಿಮಾನ ನಡೆಸುವವರ ಪಾಲಕಿಯೆಂದು ಸಾರಿದರು. 2019ರಲ್ಲಿ ಪೋಪ್ ಫ್ರಾನ್ಸಿಸರು ಈ ಸ್ಮರಣೆಯನ್ನು ಇಡೀ ಧರ್ಮಸಭೆಯ ಪಂಚಾಂಗಕ್ಕೆ ಸೇರಿಸಿದರು.

ನಮ್ಮ ಹೊಸೂರಿನ ಬಳಿಯ ಬೆಳಗೊಂಡಪಳ್ಳಿಯಲ್ಲೂ ಸಣ್ಣ ವಿಮಾನಗಳಿಗೆ ಸಂಬಂಧಿಸಿದ ಕಾರ್ಖಾನೆ ಇದೆ, ರನ್‌ವೇ ಇದೆ. ಆದ್ದರಿಂದ ವಿಮಾನದ ಮಾತು ನಮಗೆ ತೀರಾ ದೂರದ್ದಲ್ಲ. ಈ ವರ್ಷದ ಸ್ಮರಣೆಗೆ, ಒಂದೇ ಎಂಜಿನ್ ಇರುವ ಪುಟ್ಟ ವಿಮಾನ ಕಲಿಯುವವರಿಗೆ ಮೊದಲಲ್ಲೇ ಹೇಳಿಕೊಡುವ ಒಂದು ಪಾಠವನ್ನು ಧ್ಯಾನಿಸೋಣ. ನೆಲ ಬಿಟ್ಟು ಮೇಲೇರುತ್ತಿರುವಾಗಲೇ ಎಂಜಿನ್ ನಿಂತರೆ ಏನು ಮಾಡಬೇಕು? ಇದು ಆಕಾಶದಲ್ಲಿ ಹಾರುವವರಿಗೆ ಮಾತ್ರ ಬರುವ ಪ್ರಶ್ನೆಯಲ್ಲ. ಮದುವೆಯಾದ ವರ್ಷದಲ್ಲೇ ಒಡಕು, ಸಾಲ ಮಾಡಿ ತೆರೆದ ಅಂಗಡಿ ಆರೇ ತಿಂಗಳಿಗೆ ಮುಚ್ಚುವ ಸ್ಥಿತಿ, ಕಾಲೇಜಿಗೆ ಸೇರಿಸಿದ ಮಗನಿಗೆ ಮೊದಲ ವರ್ಷವೇ ಸೋಲು, ಕೆಲಸ ಸಿಕ್ಕಿದ ಕಾರ್ಖಾನೆಯಿಂದ ಬೇಗನೆ ಹೊರಗೆ. ಮೇಲೇರುವ ಹೊತ್ತಿನಲ್ಲೇ ನಿಂತುಹೋಗುವ ಎಂಜಿನ್‌ಗಳು ನಮ್ಮ ಮನೆಗಳಲ್ಲೂ ಇವೆ.

ಮೇಲೇರುವಾಗ ವಿಮಾನದ ಮೂತಿ ಆಕಾಶದ ಕಡೆ ಎತ್ತಿರುತ್ತದೆ. ಹಾಗೆ ಎತ್ತಿ ಹಿಡಿದಿರುವುದು ಎಂಜಿನ್ನಿನ ಬಲ. ಅದು ನಿಂತ ಕೆಲವೇ ಕ್ಷಣಗಳಲ್ಲಿ ವೇಗ ಕುಸಿಯುತ್ತದೆ. ಸಾಕಷ್ಟು ವೇಗದಿಂದ ಗಾಳಿ ಹರಿಯದಿದ್ದರೆ ರೆಕ್ಕೆಗಳು ಭಾರ ಹೊರಲಾರವು. ಆಗ ವಿಮಾನ ತೇಲುವುದನ್ನು ಬಿಟ್ಟು ಬೀಳತೊಡಗುತ್ತದೆ. ಇದನ್ನು ಪೈಲಟ್‌ಗಳು ಸ್ಟಾಲ್ ಎನ್ನುತ್ತಾರೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಒಂದೇ, ಮೂತಿಯನ್ನು ತಗ್ಗಿಸುವುದು. ನೆಲ ಹತ್ತಿರದಲ್ಲೇ ಕಾಣುತ್ತಿರುವಾಗ ಅದೇ ನೆಲದ ಕಡೆಗೆ ಮೂತಿ ಬಾಗಿಸಲು ಕೈ ಒಪ್ಪುವುದಿಲ್ಲ. ಆದರೆ ಬಾಗಿಸಿದ ವಿಮಾನ ಬೀಳುವುದಿಲ್ಲ, ಜಾರುತ್ತಾ ತೇಲುತ್ತದೆ. ತರಬೇತಿಯಲ್ಲಿ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನ ಎಂಜಿನ್ ಇಲ್ಲದೆಯೂ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಪೈಲಟ್‌ನ ಮಾತು ಕೇಳುತ್ತಾ ಇಳಿಯಬಲ್ಲದು. ಹಾಗೆ ಇಳಿಯುತ್ತಾ, ಎದುರಿಗೆ ಅಥವಾ ಸ್ವಲ್ಪ ಎಡಬಲಕ್ಕೆ ಕಾಣುವ ಹೊಲವನ್ನೋ ಬಯಲನ್ನೋ ಆರಿಸಿಕೊಂಡು ಅಲ್ಲಿ ಇಳಿಸಬೇಕು.

ಆದರೆ ಆ ಗಳಿಗೆಯಲ್ಲಿ ಪೈಲಟ್‌ನ ಮನಸ್ಸು ಹಿಂದಕ್ಕೆ ಎಳೆಯುತ್ತದೆ. ಈಗಷ್ಟೇ ಬಿಟ್ಟು ಬಂದ ರನ್‌ವೇ ಅಲ್ಲೇ ಹಿಂದಿದೆ, ನಯವಾಗಿದೆ, ಉದ್ದವಾಗಿದೆ. ತಿರುಗಿ ಹೋಗಿ ಅಲ್ಲೇ ಇಳಿದರೆ ವಿಮಾನಕ್ಕೂ ಏನೂ ಆಗುವುದಿಲ್ಲ, ನೋಡಿದವರೂ ಏನೂ ಅನ್ನುವುದಿಲ್ಲ. ಸಾಕಷ್ಟು ಎತ್ತರವಿದ್ದು, ಮೊದಲೇ ಲೆಕ್ಕ ಹಾಕಿ ಅಭ್ಯಾಸ ಮಾಡಿದವರಿಗೆ ಅದು ಸಾಧ್ಯವೂ ಹೌದು. ಆದರೆ ಎತ್ತರ ಕಡಿಮೆ ಇದ್ದಾಗ ಆ ತಿರುವಿಗೆ ಪೈಲಟ್‌ಗಳು ಇಟ್ಟಿರುವ ಹೆಸರೇ 'ಅಸಾಧ್ಯ ತಿರುವು'. ಅರ್ಧ ಸುತ್ತು ತಿರುಗಿದರೆ ರನ್‌ವೇ ಪಕ್ಕಕ್ಕೆ ಸರಿದಿರುತ್ತದೆ. ಅದರ ನೇರಕ್ಕೆ ಬರಲು ಮತ್ತಷ್ಟು ತಿರುಗಿ, ಮತ್ತೆ ಈಚೆಗೆ ತಿರುಗಬೇಕು. ಒಟ್ಟು ಸುಮಾರು 270 ಡಿಗ್ರಿ. ಅಷ್ಟು ತಿರುಗಲು ಎತ್ತರ ಸಾಲದೆಂದು ಕಂಡಾಗ ಪೈಲಟ್ ವಿಮಾನವನ್ನು ಇನ್ನಷ್ಟು ವಾಲಿಸಿ ಬೇಗ ತಿರುಗಿಸಲು ನೋಡುತ್ತಾನೆ. ಅಪಾಯ ಇರುವುದೇ ಅಲ್ಲಿ. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗುವ ವಿಮಾನ, ನೇರವಾಗಿ ಹಾರುವಾಗಿನದಕ್ಕಿಂತ ಸುಮಾರು 19 ಪ್ರತಿಶತ ಹೆಚ್ಚಿನ ವೇಗದಲ್ಲೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿದರೆ ಸುಮಾರು 41 ಪ್ರತಿಶತ. ನೇರ ಹೋಗುವಾಗ ಕಾಪಾಡುತ್ತಿದ್ದ ವೇಗವೇ ತಿರುವಿನಲ್ಲಿ ಸಾಲದೆ ಹೋಗುತ್ತದೆ. ಹೊಲದಲ್ಲಿ ಇಳಿದಿದ್ದರೆ ಚಕ್ರ ಮುರಿದು ಉಳಿಯಬಹುದಾಗಿದ್ದವರು, ರನ್‌ವೇ ಕಣ್ಣೆದುರಿಗೆ ಇರುವಾಗಲೇ ಪ್ರಾಣ ಕಳೆದುಕೊಳ್ಳುತ್ತಾರೆ.

ಪ್ರಿಯರೇ, ನಮ್ಮ ರನ್‌ವೇಗೆ ಮರ್ಯಾದೆ ಎಂದು ಹೆಸರು. ಮೊದಲ ಸಾಲ ತೀರಿಸಲು ಎರಡನೇ ಸಾಲ, ಎರಡನೆಯದಕ್ಕೆ ಮೂರನೆಯದು, ಕೊನೆಗೆ ಮೊಬೈಲ್‌ನಲ್ಲಿ ಸಿಗುವ ಸಾಲ. ಏನೂ ಆಗಿಲ್ಲವೆಂದು ತೋರಿಸಲು ಅದೇ ಹೊತ್ತಿನಲ್ಲಿ ನಾಮಕರಣಕ್ಕೆ ಊರಿಗೆಲ್ಲಾ ಊಟ. ಪ್ರತಿ ಸಾಲಕ್ಕೂ ರೆಕ್ಕೆ ಇನ್ನಷ್ಟು ವಾಲುತ್ತದೆ, ಮನೆ ಹೊರಬೇಕಾದ ಭಾರ ಇನ್ನಷ್ಟು ಹೆಚ್ಚುತ್ತದೆ. ಕುಟುಂಬವನ್ನು ಕೆಡವುವುದು ಅನೇಕ ಸಲ ಮೊದಲ ಸೋಲಲ್ಲ. ಸೋತಿಲ್ಲವೆಂದು ತೋರಿಸಲು ತೆಗೆದುಕೊಂಡ ಆ ತಿರುವು.

ಹಾಗಾದರೆ ಹಿಂದಿರುಗುವುದೇ ತಪ್ಪೇ? ಶುಭಸಂದೇಶದ ಕಿರಿಯ ಮಗ ತಂದೆಯ ಮನೆಗೆ ಹಿಂದಿರುಗಲಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವನು ಹೇಗೆ ಹಿಂದಿರುಗಿದ ನೋಡಿ. ಅವನು ಮೊದಲು ನೆಲಕ್ಕೆ ಇಳಿದ. ಹಂದಿ ಕಾಯುವ ಹೊಲವೇ ಅವನು ಇಳಿದ ಜಾಗ. ಅಲ್ಲಿ ತಲೆ ತಗ್ಗಿಸಿದ, ಆದದ್ದನ್ನು ಆಯಿತೆಂದು ಒಪ್ಪಿದ, ಆಮೇಲೆ ಬರಿಗಾಲಲ್ಲಿ ನಡೆದು ಬಂದ. ಆಸ್ತಿಯನ್ನು ಉಳಿಸಿಕೊಂಡು ಬಂದವನಲ್ಲ, ಜೀವವನ್ನು ಉಳಿಸಿಕೊಂಡು ಬಂದವನು. ಹೊಡೆತ ತಿಂದ ಹೆಣ್ಣುಮಗಳು ತವರಿಗೆ ಬಂದರೆ ಅದೂ ಹೀಗೆಯೇ. ಅವಳು ಜೀವ ಉಳಿಸಿಕೊಂಡು ಹೊಲದಲ್ಲಿ ಇಳಿದವಳು. ಮರ್ಯಾದೆಗಾಗಿ ಅವಳನ್ನು ಮತ್ತೆ ಅದೇ ಹೊಡೆತಕ್ಕೆ ಕಳುಹಿಸುವುದೇ ಅಸಾಧ್ಯ ತಿರುವು. ತಂದೆಯ ಕಡೆಗೆ ಹಿಂದಿರುಗುವುದು ಬೇರೆ, ಏನೂ ಆಗದ ಹಾಗೆ ಹಿಂದಿರುಗುವುದು ಬೇರೆ.

ಇನ್ನೊಂದು ಮಾತು. ಎಂಜಿನ್ ಯಾಕೆ ನಿಂತಿತು ಎಂದು ವಿಚಾರಿಸಲು ಆ ಹೊತ್ತಿನಲ್ಲಿ ಸಮಯವಿರುವುದಿಲ್ಲ. 150 ಮೀಟರ್ ಎತ್ತರದಿಂದ ಸಣ್ಣ ವಿಮಾನ ನೆಲ ಮುಟ್ಟಲು ಒಂದು ನಿಮಿಷವೂ ಬೇಡ. 2015ರ ಮಾರ್ಚ್ 5ರಂದು ಅಮೆರಿಕದ ಸಾಂಟಾ ಮೋನಿಕಾದಲ್ಲಿ 'ಇಂಡಿಯಾನಾ ಜೋನ್ಸ್' ಚಿತ್ರಗಳ ನಟ ಹ್ಯಾರಿಸನ್ ಫೋರ್ಡ್ ಎರಡನೇ ಮಹಾಯುದ್ಧದ ಕಾಲದ ಒಂದು ಹಳೆಯ ತರಬೇತಿ ವಿಮಾನವನ್ನು ಮೇಲೇರಿಸಿದರು. ಆಗ ಅವರಿಗೆ 72 ವರ್ಷ. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ನಿನ ಬಲ ಹೋಯಿತು. ಅವರು ವೇಗವನ್ನು ಕಾಪಾಡಿಕೊಂಡು ನಿಲ್ದಾಣದ ಕಡೆ ತಿರುಗಿದರು. ಆದರೆ ರನ್‌ವೇ ಮುಟ್ಟಲಾಗದೆಂದು ಕಂಡಾಗ ಅದರ ಆಸೆ ಬಿಟ್ಟು, ಹತ್ತಿರದ ಗಾಲ್ಫ್ ಮೈದಾನದ ಬಯಲಿಗೆ ಇಳಿದರು. ಮರದ ತುದಿ ತಗುಲಿ ವಿಮಾನ ಮುರಿಯಿತು, ಅವರಿಗೆ ದೊಡ್ಡ ಪೆಟ್ಟಾಯಿತು. ಆದರೆ ಬದುಕಿದರು; ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ. ಕಾರಣ ಗೊತ್ತಾದದ್ದು ತಿಂಗಳುಗಳ ತನಿಖೆಯ ನಂತರ. ಕಾರ್ಬುರೇಟರ್‌ನಲ್ಲಿ ಇಂಧನ ಅಳೆದು ಬಿಡುವ ಪುಟ್ಟ ಭಾಗವೊಂದು ತಿರುಪು ಬಿಚ್ಚಿಕೊಂಡಿತ್ತು. ಇಂಧನ ಸಾಲದೆ ಅಲ್ಲ, ಅಳತೆ ಮೀರಿ ಹರಿದು ಎಂಜಿನ್ ಸೋತಿತ್ತು.

ನಮ್ಮ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮಗ ಫೇಲಾದ ರಾತ್ರಿಯೇ ತನಿಖೆ ಶುರು. 'ನಿನ್ನ ಮುದ್ದಿನಿಂದಲೇ ಹೀಗಾಯಿತು', 'ನಿಮ್ಮ ಕುಡಿತದಿಂದ', 'ಆ ಮನೆಯವರ ಕಣ್ಣು ಬಿತ್ತು'. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲ ಎಂದು ಕೇಳಿದಾಗ ಯೇಸುಸ್ವಾಮಿ ಆ ವಿಚಾರಣೆಗೆ ಇಳಿಯಲಿಲ್ಲ. ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಕಾರಣ ಹುಡುಕುವ ದಿನ ಬರುತ್ತದೆ. ಅದಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ಮೊದಲು ಮನೆಯವರೆಲ್ಲ ಕ್ಷೇಮವಾಗಿ ನೆಲ ಮುಟ್ಟಲಿ.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಕೂಡಿ ಓದಿರಿ. ಸಂತ ಪೌಲರಿದ್ದ ಹಡಗು ಬಿರುಗಾಳಿಗೆ ಸಿಕ್ಕಿತ್ತು. ಅದರಲ್ಲಿ 276 ಜನ. ದೇವದೂತ ಪೌಲರಿಗೆ ಹೇಳಿದ್ದು ಹಡಗು ಉಳಿಯುತ್ತದೆ ಎಂದಲ್ಲ. ಅವರೊಂದಿಗಿದ್ದವರ ಪ್ರಾಣಗಳನ್ನೆಲ್ಲ ದೇವರು ಅವರಿಗೆ ಕೊಟ್ಟಿದ್ದಾರೆ ಎಂದು. ಪೌಲರು ಎಲ್ಲರೆದುರು ರೊಟ್ಟಿ ತೆಗೆದುಕೊಂಡು, ಸ್ತೋತ್ರ ಸಲ್ಲಿಸಿ, ಮುರಿದು ತಿಂದರು. ಎಲ್ಲರಿಗೂ ಧೈರ್ಯ ಬಂತು. ಆಮೇಲೆ ಗೋದಿಯನ್ನು ಸಮುದ್ರಕ್ಕೆ ಸುರಿದರು, ಲಂಗರುಗಳನ್ನು ಕಡಿದು ಬಿಟ್ಟರು, ಎದುರಿಗೆ ಕಂಡ ದಡಕ್ಕೆ ಹಡಗನ್ನು ನುಗ್ಗಿಸಿದರು. ಹಡಗು ಒಡೆಯಿತು. ಈಜು ಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು, ಒಬ್ಬರೂ ಬಿಡದೆ ಮಾಲ್ಟಾ ದ್ವೀಪ ಸೇರಿದರು. ಎಂಜಿನ್ ನಿಂತ ಮೇಲೆ ವಿಮಾನ ವಿಮೆಯವರದ್ದು, ನಿನ್ನದಲ್ಲ ಎಂದು ಪೈಲಟ್‌ಗಳು ಹೇಳುವುದುಂಟು. ವಿಮಾನದ ಚಿಂತೆ ಬಿಟ್ಟು ಒಳಗಿರುವವರನ್ನು ಉಳಿಸು ಎಂದು ಅದರ ಅರ್ಥ. ಅಂಗಡಿ ಹೋಗಲಿ, ಬೈಕು ಮಾರಿದರೂ ಆಗಲಿ, ಮಗ ಒಂದು ವರ್ಷ ತಡವಾಗಿ ಓದಲಿ. ಹಡಗು ಹೋದರೂ ಜನ ದಡ ಸೇರಬೇಕು.

ಅದೇ ಅಧ್ಯಾಯದಲ್ಲಿ ಕೆಲವು ನಾವಿಕರು ಲಂಗರು ಬಿಡುವ ನೆಪದಲ್ಲಿ ಗುಟ್ಟಾಗಿ ಸಣ್ಣ ದೋಣಿ ಇಳಿಸಿ ತಾವು ಮಾತ್ರ ಹೊರಟುಬಿಡಲು ನೋಡಿದರು. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವೂ ಉಳಿಯಲಾರಿರಿ ಎಂದು ಪೌಲರು ಎಚ್ಚರಿಸಿದಾಗ ಸೈನಿಕರು ದೋಣಿಯ ಹಗ್ಗ ಕಡಿದರು. ಸಾಲಕ್ಕೋ ಸೋಲಿಗೋ ಹೆದರಿ ಮನೆ ಬಿಟ್ಟು ಓಡುವ ಯೋಚನೆ, ಜೀವವನ್ನೇ ಮುಗಿಸಿಕೊಳ್ಳುವ ಯೋಚನೆ ಯಾರಿಗಾದರೂ ಬಂದಿದ್ದರೆ ಅವರಿಗೆ ನಾವು ನೇರವಾಗಿ ಹೇಳುತ್ತೇವೆ: ನೀವಿಲ್ಲದೆ ಆ ಮನೆ ದಡ ಸೇರುವುದಿಲ್ಲ. ಇಂದೇ ಒಬ್ಬರಿಗೆ ಬಾಯಿಬಿಟ್ಟು ಹೇಳಿರಿ. ಗುರುಗಳ ಮನೆಯ ಬಾಗಿಲು ತಟ್ಟಿರಿ. ನಿಮ್ಮ ಅನ್ಬಿಯಂ ಕೂಟದಲ್ಲಿ ನಂಬಿಕೆಯ ಒಬ್ಬರನ್ನು ಹಿಡಿದುಕೊಳ್ಳಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಕೇಳಿಸಿಕೊಂಡವರು ಅದನ್ನು ಊರಿಗೆ ಹಂಚದಿರಲಿ. ಹೊಲದಲ್ಲಿ ಇಳಿದವರನ್ನು ನೋಡಿ ನಗುವ ಊರಿದ್ದರೆ, ಮುಂದಿನವರು ಹೊಲಕ್ಕೆ ಇಳಿಯುವ ಬದಲು ತಿರುಗಲು ಹೋಗಿ ಸಾಯುತ್ತಾರೆ. ಅಷ್ಟರ ಮಟ್ಟಿಗೆ ನಾವೆಲ್ಲರೂ ಹೊಣೆ.

ಕೊನೆಯದಾಗಿ, ಒಳ್ಳೆಯ ಪೈಲಟ್ ಈ ನಿರ್ಧಾರವನ್ನು ಆಕಾಶದಲ್ಲಿ ಮಾಡುವುದಿಲ್ಲ. ಹೊರಡುವ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ತೆಗೆದು ನೀರು ಸೇರಿದೆಯೇ ಎಂದು ನೋಡುತ್ತಾನೆ. ರನ್‌ವೇ ತುದಿಯಲ್ಲಿ ನಿಂತು, ನೆಲದ ಮೇಲಿರುವಾಗಲೇ ಎಂಜಿನ್ ನಿಂತರೆ ಹೀಗೆ, ಇಷ್ಟು ಎತ್ತರದೊಳಗೆ ನಿಂತರೆ ಎದುರಿಗಿರುವ ಆ ಬಯಲಿಗೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಪ್ರತಿ ಸಲವೂ, ಎಂಜಿನ್ ಚೆನ್ನಾಗಿರುವಾಗಲೇ. ಆಗಮನ ಕಾಲ ನಮ್ಮಿಂದ ಕೇಳುವ ಎಚ್ಚರವೂ ಇದೇ. ವಿವೇಕಿಗಳಾದ ಕನ್ನಿಕೆಯರು ಎಣ್ಣೆ ತಂದದ್ದು ದೀಪ ಉರಿಯುತ್ತಿರುವಾಗಲೇ.

ಈ ವಾರ ಒಂದು ರಾತ್ರಿ ಜಪಸರ ಮುಗಿದ ಮೇಲೆ ಗಂಡ ಹೆಂಡತಿ ಮಕ್ಕಳು ಹತ್ತು ನಿಮಿಷ ಕೂತು ಮಾತಾಡಿರಿ. ನಮ್ಮ ಮನೆಯ ಸಾಲ ಎಷ್ಟು? ಯಾರಿಂದ ಏನನ್ನು ಮುಚ್ಚಿಟ್ಟಿದ್ದೇವೆ? ನಾಳೆ ದುಡಿಯುವ ಕೈ ನಿಂತರೆ ಮೊದಲು ಯಾರಿಗೆ ಹೇಳುತ್ತೇವೆ? ಯಾವುದನ್ನು ಬಿಟ್ಟುಕೊಡುತ್ತೇವೆ? ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿರಿ: 'ನೀನು ಸೋತರೂ ಈ ಮನೆಯ ಬಾಗಿಲು ನಿನಗೆ ತೆರೆದೇ ಇರುತ್ತದೆ.' ನಜರೇತಿನ ಆ ಪುಟ್ಟ ಮನೆ ಮಾಡಿದ್ದೂ ಇದನ್ನೇ. ಹೆರೋದನಿಗೆ ಹೆದರಿ ರಾತ್ರೋರಾತ್ರಿ ಪರದೇಶಕ್ಕೆ ಹೋಗಿ ಬಂದ ಕುಟುಂಬವನ್ನು ಅದು ಬರಮಾಡಿಕೊಂಡಿತು.

ಎಲ್ಲಾ ಮನೆಗಳ ಮೇಲೂ ಆ ತಾಯಿಯ ಕೈ ಇರಲಿ. ಬಾಗುವ ಧೈರ್ಯವನ್ನು, ಬಿಡಬೇಕಾದದ್ದನ್ನು ಬಿಡುವ ಮನಸ್ಸನ್ನು, ದೇವರು ಎದುರಿಗೆ ಇಟ್ಟಿರುವ ಹೊಲವನ್ನು ಕಾಣುವ ಕಣ್ಣನ್ನು ಆಕೆ ನಮಗಾಗಿ ಬೇಡಿಕೊಳ್ಳಲಿ.

ಲೊರೆಟೊ ಮಾತೆಯೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.