ಒಂದು ಬೇವಿನ ಲೆಕ್ಕ

ತಿಕೋಟಾದ ನನ್ನ ಗೆಳೆಯ ವಿಜಯಪುರಕ್ಕೆ ಬಂದಾಗಲೆಲ್ಲ ನಾವಿಬ್ಬರೂ ಬೆಳಿಗ್ಗೆ ಭೂತನಾಳ ಕೆರೆಯ ಕಡೆ ಅಡ್ಡಾಡಲು ಹೋಗುತ್ತೇವೆ. ಇದು ಬೆವರು ಸುರಿಸುವ ವಾಕಿಂಗ್ ಅಲ್ಲ. ಅವನಿಗೆ ಮೊಣಕಾಲು ನೋವು, ನನಗೆ ಸೋಮಾರಿತನ. ಹೀಗಾಗಿ ಇಬ್ಬರ ನಡಿಗೆಯೂ ಹೊಂದುತ್ತದೆ. ಕೆರೆ ನೋಡಿಕೊಂಡು, ಕರಾಡದೊಡ್ಡಿಯ ಗಿಡಗಳ ನಡುವಿನ ಕಾಲುದಾರಿ ಹಿಡಿದು, ಮಾತಿದ್ದರೆ ಮಾತು, ಇಲ್ಲದಿದ್ದರೆ ಸುಮ್ಮನೆ. ಬೆಳವಗಳು ಕೂಗುತ್ತಿರುತ್ತವೆ. ಒಮ್ಮೊಮ್ಮೆ ನವಿಲಿನ ದನಿಯೂ ಕೇಳುತ್ತದೆ.

ನಾವು ಸಣ್ಣವರಿದ್ದಾಗ ಈ ಕಡೆ ಕಾಡು ಅನ್ನುವ ಮಾತೇ ನಗೆಪಾಟಲು. ಜಾಲಿಕಂಟಿ, ಕಲ್ಲು, ಬಿಸಿಲು. ನಮ್ಮ ಜಿಲ್ಲೆಯ ಅರಣ್ಯ ಶೇ 0.17 ಮಾತ್ರ ಎಂಬ ಅಂಕಿಯನ್ನು ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿತ್ತು. 2016ರಲ್ಲಿ, ಆಗ ಜಲಸಂಪನ್ಮೂಲ ಸಚಿವರಾಗಿದ್ದ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ‘ಕೋಟಿ ವೃಕ್ಷ ಅಭಿಯಾನ’ ಶುರು ಮಾಡಿದಾಗ ಊರಿನ ಅರ್ಧ ಮಂದಿ ನಕ್ಕಿದ್ದರು. ಕುಡಿಯಲು ನೀರಿಲ್ಲ, ಗಿಡಕ್ಕೆಲ್ಲಿಂದ ತರುತ್ತಾರೆ ಅಂತ. ನಕ್ಕವರಲ್ಲಿ ನಾನೂ ಒಬ್ಬ. ಈಗ ಅದೇ ಗಿಡಗಳ ನೆರಳಲ್ಲಿ ನಡೆಯುತ್ತೇನೆ. ನೆರಳು ನಕ್ಕವರನ್ನು ಬಿಟ್ಟು ಬೀಳುವುದಿಲ್ಲ ನೋಡಿ.

ಕಳೆದ ಸಲ ಹೋದಾಗ ಗೆಳೆಯ ಒಂದು ಬೇವಿನ ಸಾಲಿನ ಹತ್ತಿರ ನಿಂತ. ಕೈಯಲ್ಲಿದ್ದ ಎರಡು ಬಾಟಲಿ ನೀರಿನಲ್ಲಿ ಒಂದನ್ನು ಬುಡಕ್ಕೆ ಸುರಿದ. ಅದು ಅವನಿಗಿಂತ ಎತ್ತರ ಬೆಳೆದ ಗಿಡ. ಬಾಟಲಿ ನೀರಿನಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ಒಂದು ಮಳೆಗಾಲದಲ್ಲಿ ಸಸಿ ಹಚ್ಚುವ ಕಾರ್ಯಕ್ರಮಕ್ಕೆ ಬಂದಾಗ ಅವನೇ ಹಚ್ಚಿದ ಹತ್ತು ಸಸಿಗಳಲ್ಲಿ ಅದು ಒಂದು.

“ಒಂದು ಕಡದು ಹತ್ತು ಹಚ್ಚೀನಿ. ಏಳು ಬದುಕ್ಯಾವ. ನೀ ಓದಿದಾಂವ, ಹೇಳು. ಲೆಕ್ಕ ಮುಟ್ಟಿತೋ ಇಲ್ಲೋ?” ಅಂದ.

ಆ ‘ಒಂದು’ ಯಾವುದೆಂದು ನನಗೆ ಗೊತ್ತಿತ್ತು. ಅವನ ಹೊಲದ ಬೇವು. ಅವನ ಅಪ್ಪ ಹಚ್ಚಿದ್ದು. 1972ರ ಬರದಲ್ಲಿ ಜನ ಊರು ಬಿಟ್ಟು ಕೂಲಿಗೆ ಹೋಗುತ್ತಿದ್ದಾಗ, ಪಾತ್ರೆ ತೊಳೆದ ನೀರನ್ನು ಹೊತ್ತು ಹಾಕಿ ಅದನ್ನು ಉಳಿಸಿದವಳು ಅವ್ವ. ಆಮೇಲೆ ಹೊಲದಲ್ಲಿ ಜೋಳ ಹೋಗಿ ದ್ರಾಕ್ಷಿ ಪಡ ಬಂತು. ಹಸಿ ಹಣ್ಣಿಗೆ ರೇಟು ಬೀಳತೊಡಗಿದಾಗ ಒಣದ್ರಾಕ್ಷಿ ಮಾಡುವುದೇ ಪಾಡು ಅಂತ ಶೆಡ್ ಹಾಕಲು ನಿಂತ. ದ್ರಾಕ್ಷಿಯನ್ನು ಔಷಧದ ನೀರಲ್ಲಿ ಅದ್ದಿ, ಬಲೆಯ ಮೇಲೆ ಹರವಿ, ನೆರಳಲ್ಲಿ ಒಣಗಿಸಬೇಕು. ಗಾಳಿ ಆಡಬೇಕು, ಕಸ ಬೀಳಬಾರದು. ಫೆಬ್ರುವರಿ, ಮಾರ್ಚ್ ಅಂದರೆ ದ್ರಾಕ್ಷಿ ಒಣಗುವ ಕಾಲ. ಬೇವು ಎಲೆ ಉದುರಿಸುವುದೂ ಆವಾಗಲೇ. ಸಾಲ ಇತ್ತು, ಮಗಳ ಕಾಲೇಜಿನ ಫೀಸು ಇತ್ತು. ಬೇವನ್ನು ಕಡಿಸಿದ.

ಅವ್ವ ಬೈಯಲಿಲ್ಲ. ಅಳಲೂ ಇಲ್ಲ. ಆ ವರ್ಷದ ಯುಗಾದಿಗೆ ಸೊಸೆ ಬೇವಿನ ಬಟ್ಟಲು ತಂದು ಕೊಟ್ಟಾಗ, ಅದನ್ನು ಕೈಯಲ್ಲಿ ಹಿಡಿದು, “ಹೂವ ಯಾರ ಹೊಲದ್ದೋ?” ಅಂತ ಕೇಳಿದಳಂತೆ. ಅಷ್ಟೇ.

ಈಗ ಲೆಕ್ಕದ ಮಾತಿಗೆ ಬರೋಣ. ಎಣಿಸಿದರೆ ಗೆಳೆಯ ಲಾಭದಲ್ಲಿದ್ದಾನೆ. ಒಂದು ಹೋಗಿ ಏಳು ಬಂದಿವೆ. ಸರ್ಕಾರದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. 1976ರ ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅನುಮತಿ ಕೊಡುವಾಗ ಬದಲಿ ಮರ ನೆಡಲು ಹೇಳಬಹುದು. ಕಾಡಿನ ಜಾಗವನ್ನು ರಸ್ತೆಗೋ ಗಣಿಗೋ ಕೊಟ್ಟರೆ ಬದಲಿ ಅರಣ್ಯ ಬೆಳೆಸಲು ದುಡ್ಡು ಕಟ್ಟಬೇಕು. ಆ ನಿಧಿಗಾಗಿಯೇ 2016ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂತು. ಕಾಡಿಗೆ ‘ನಿವ್ವಳ ಪ್ರಸ್ತುತ ಮೌಲ್ಯ’ ಅಂತ ಹೆಕ್ಟೇರ್ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಇದನ್ನು ನಾನು ಹಾಸ್ಯ ಮಾಡುವುದಿಲ್ಲ. ಕಡಿದವನು ಏನನ್ನೂ ಕೊಡದೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಅವ್ವನ ಪ್ರಶ್ನೆಗೆ ಈ ಲೆಕ್ಕದಲ್ಲಿ ಉತ್ತರವಿಲ್ಲ. ಭೂತನಾಳದ ಏಳು ಬೇವು ತಿಕೋಟಾದ ಹೊಲದಲ್ಲಿ ನೆರಳು ಕೊಡಲಾರವು. ಅಲ್ಲಿ ಬುತ್ತಿ ಬಿಚ್ಚುತ್ತಿದ್ದ ಕೂಲಿ ಹೆಣ್ಣುಮಕ್ಕಳು ಈಗ ಶೆಡ್ಡಿನ ಬದಿಗೆ ಕೂತು ರೊಟ್ಟಿ ತಿನ್ನುತ್ತಾರೆ. ಬರಗಾಲದ ಆ ಕೊಡದ ನೀರು ಈ ಏಳರಲ್ಲಿ ಯಾವುದಕ್ಕೂ ಬಿದ್ದಿಲ್ಲ. ಮಕ್ಕಳಿಲ್ಲದ ಸಾಲುಮರದ ತಿಮ್ಮಕ್ಕ ಹುಲಿಕಲ್ಲು–ಕುದೂರು ರಸ್ತೆಯ ಆಲದ ಮರಗಳನ್ನು ಮಕ್ಕಳೆಂದು ಬೆಳೆಸಿದವರು. 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಅವು ಹೋಗುತ್ತವೆ ಅಂದಾಗ ಮುಖ್ಯಮಂತ್ರಿಯವರೆಗೂ ಹೋಗಿ ಅವನ್ನು ಉಳಿಸಿ ಅಂದರು. ಜೀವಮಾನವಿಡೀ ಸಸಿ ನೆಟ್ಟವರಿಗೆ ಇನ್ನಷ್ಟು ನೆಡುವುದು ಕಷ್ಟವಿತ್ತೇ? ಮಕ್ಕಳ ಲೆಕ್ಕದಲ್ಲಿ ಬದಲಿ ಇರುವುದಿಲ್ಲ.

ಇದನ್ನೆಲ್ಲ ನಾನು ಹೇಳಿದಾಗ ಗೆಳೆಯನಿಗೆ ಸಿಟ್ಟು ಬಂತು. “ಹಂಗಾರ ಶೆಡ್ ಹಾಕಬಾರದಿತ್ತೇನು? ಮಗಳನ್ನ ಮನ್ಯಾಗ ಕುಂಡ್ರಸಬೇಕಿತ್ತೇನು?” ಅಂದ.

ಇಲ್ಲ. ಅವನ ಜಾಗದಲ್ಲಿದ್ದರೆ ನಾನೂ ಕಡಿಸುತ್ತಿದ್ದೆ. ನನ್ನನ್ನು ಕಾಡಿದ್ದು ಅದೇ. ತಪ್ಪು ಮಾಡಿದವನಿಗೆ ಮಾತ್ರ ಋಣ ಇರುತ್ತದೆ ಅಂತ ನಾವು ತಿಳಿದಿರುತ್ತೇವೆ. ಅದಕ್ಕೇ ಯಾರಾದರೂ ಕೇಳಿದ ಕೂಡಲೇ ‘ನನ್ನ ತಪ್ಪಿಲ್ಲ’ ಅಂತ ಸಾಬೀತು ಮಾಡಲು ಹೊರಡುತ್ತೇವೆ. ಆದರೆ ಬೇರೆ ದಾರಿಯಿಲ್ಲದೆ, ಸರಿಯಾದ ಕಾರಣಕ್ಕೇ ಮಾಡಿದ ಕೆಲಸವೂ ಋಣ ಉಳಿಸಬಹುದು. ಅಂಥದ್ದು ತೀರುವುದಿಲ್ಲ. ಹೊತ್ತುಕೊಂಡಿರಬೇಕು.

ಹಾಗೆ ಹೇಳುವ ನಾನೇನು ಸಾಚಾ ಅಲ್ಲ. ಬಬಲೇಶ್ವರದಲ್ಲಿ ನಮ್ಮ ಪಾಲಿಗೆ ಬಂದ ತುಂಡು ಜಾಗದಲ್ಲಿ ಒಂದು ಹುಣಸೆ ಇತ್ತು. ಜಾಗ ಮಾರಿ ವಿಜಯಪುರದಲ್ಲಿ ಮನೆ ಕಟ್ಟಿಸಿದೆ. ಕೊಂಡವರು ಪ್ಲಾಟ್ ಮಾಡಿದರು, ಹುಣಸೆ ಹೋಯಿತು. ಗರಗಸ ನನ್ನದಲ್ಲವಾದ್ದರಿಂದ ಹತ್ತು ಸಸಿ ಹಚ್ಚಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಗೆಳೆಯನಿಗೆ ತನ್ನ ಬೇವಿನ ನೆನಪಿದೆ. ನನಗೆ ನಮ್ಮ ಹುಣಸೆ ನೆನಪಾದದ್ದೇ ಅವನು ಲೆಕ್ಕ ಕೇಳಿದ ಮೇಲೆ. ಇಬ್ಬರಲ್ಲಿ ಹೆಚ್ಚು ಬಾಕಿ ಯಾರದ್ದು?

ಮುಂದೆ ನಡೆದಂತೆ ಲೆಕ್ಕ ಇನ್ನೂ ಉದ್ದವಾಯಿತು. ವರ್ಷಕ್ಕೆ ಸರಾಸರಿ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಹಸಿರು ಕಂಡದ್ದು ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳು ಕೃಷ್ಣೆಯನ್ನು ಮೇಲಕ್ಕೆತ್ತಿ ಕೆರೆ ತುಂಬಿಸಿದ ಮೇಲೆ. ಮುಳವಾಡದ ನೀರು ಆಲಮಟ್ಟಿಯ ಹಿನ್ನೀರಿನದು. ಆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿವೆ, ಹಳೇ ಬಾಗಲಕೋಟೆಯ ಓಣಿಗಳು ಮುಳುಗಿವೆ. ಅಲ್ಲಿಯೂ ಯಾರದೋ ಅವ್ವ ನೀರು ಹಾಕಿ ಬೆಳೆಸಿದ ಬೇವಿತ್ತು. ಅವರಿಗೂ ಪರಿಹಾರದ ಚೆಕ್ಕು ಬಂತು, ಲೆಕ್ಕ ಮುಗಿಯಿತು ಅಂತ ಕಡತ ಮುಚ್ಚಿತು. ನಾವು ದ್ರಾಕ್ಷಿ ಬೆಳೆದೆವು.

ಹಾಗಂತ ನೀರು ಬೇಡವಿತ್ತೇ? ಅದನ್ನೂ ನಾನು ಹೇಳಲಾರೆ. ಈ ನೆಲದ ಬಾಯಾರಿಕೆ ಕಂಡವರು ಯಾರೂ ಹೇಳಲಾರರು. ಹೇಳಬಹುದಾದದ್ದು ಇಷ್ಟೇ: ಪರಿಹಾರ ಕೊಡುವುದು ಒಂದು, ಲೆಕ್ಕ ಮುಗಿಯಿತು ಅಂದುಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಮಾಡಲೇಬೇಕು. ಎರಡನೆಯದಕ್ಕೆ ನಮಗೆ ಅಧಿಕಾರವಿಲ್ಲ. ಮುಗಿಯಿತು ಅನ್ನಬೇಕಾದವರು ಕಳೆದುಕೊಂಡವರು.

ತಿರುಗಿ ಬರುವಾಗ ಗೆಳೆಯನ ಸಿಟ್ಟು ಇಳಿದಿತ್ತು. “ಅಲ್ಲಪಾ, ಲೆಕ್ಕ ಮುಟ್ಟಿದ್ದರ ನಾ ಇಲ್ಲಿಗೆ ಯಾಕ ಬರ್ತಿದ್ನಿ?” ಅಂದ. ಅವನ ಪ್ರಶ್ನೆಗೆ ಉತ್ತರ ಅವನ ಹತ್ತಿರವೇ ಇತ್ತು. ಕೇಳಲು ಪಕ್ಕದಲ್ಲೊಬ್ಬ ಬೇಕಿತ್ತು ಅಷ್ಟೇ.

ಉಳಿದ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ನೀನೂ ಒಂದಕ್ಕ ಹಾಕು” ಅಂದ.

ಸುತ್ತ ನೋಡಿದೆ. ನಾನು ಹಚ್ಚಿದ ಗಿಡ ಒಂದೂ ಇರಲಿಲ್ಲ. ದಾರಿಯ ಬದಿಗೆ, ಯಾರೋ ಹಚ್ಚಿದ ಮೊಣಕಾಲೆತ್ತರದ ಹುಣಸೆ ಸಸಿಯೊಂದು ಬಾಡಿ ನಿಂತಿತ್ತು. ಅದರ ಬುಡಕ್ಕೆ ಸುರಿದೆ. ನೆಲ ಅದನ್ನು ಒಂದೇ ಗುಟುಕಿಗೆ ಕುಡಿಯಿತು.